ಫೋಟೋದಲ್ಲಿ ನಮ್ಮನೆ ಪರದೆ

ಸೀಟಿ ಮೇಷ್ಟ್ರು ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಲೇ ತಲೆಗೂದಲೆಲ್ಲ ಉದುರಿಸಿಕೊಂಡವರು. ಮಕ್ಕಳ ಎದುರು ನಿಂತು "ಬಲಗೈ ಮೇಲೆ" ಎಂದು ಕೂಗುವಾಗ ತಾವು ಎಡಗೈ ಎತ್ತುತ್ತಿದ್ದರು. ನೋಡುವ ಮಕ್ಕಳಿಗೆ ಕನ್ನಡಿಯ ಹಾಗೆ ಕಾಣಬೇಕಲ್ಲ! ನಿವೃತ್ತರಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ದಾರಿ ಕೇಳಿದವರಿಗೆ ಬಾಯಿ ಬಲಕ್ಕೆ ಎಂದರೆ ಕೈ ಎಡಕ್ಕೆ ತೋರಿಸುತ್ತಿತ್ತು. ಕೇಳಿದವರು ತಲೆ ಕೆರೆದುಕೊಂಡು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಈಗ ಅವರ ಶಿಷ್ಯರೆಂದರೆ ಬೆಳಗಿನ ಹೊತ್ತು ಪಾರ್ಕಿಗೆ ಬರುವ ಮಂಡಿನೋವಿನವರು. ಈ ಕ್ಲಾಸಿನ ಜೀವವೆಲ್ಲ ಇದ್ದದ್ದು ಎರಡು ಸ್ಪೀಕರಿನ ಒಂದು ಹಳೆಯ ಟೇಪ್‌ರೆಕಾರ್ಡರಿನಲ್ಲಿ. ಸೆಲ್ಲು ಹಾಕಿ ಗುಂಡಿ ಒತ್ತಿದರೆ ಮೇಷ್ಟ್ರ ಹರೆಯದ ದನಿಯೇ ಕ್ಯಾಸೆಟ್ಟಿನಿಂದ "ಒಂದು, ಎರಡು, ಬಗ್ಗಿ, ಏಳಿ" ಎಂದು ಗುಡುಗುತ್ತಿತ್ತು. ಈಗಿನ ಅವರ ಗಂಟಲು "ಬಗ್ಗಿ" ಎನ್ನುವಷ್ಟರಲ್ಲೇ ಕೆಮ್ಮುತ್ತದೆ.

ಮೊಮ್ಮಗಳು ಹುಟ್ಟಿದಾಗ ಮನೆಗೆ ತೊಟ್ಟಿಲು ಬಂತು, ಟೇಪ್‌ರೆಕಾರ್ಡರಿನ ಮೂಲೆ ಹೋಯಿತು. "ಮಾರಿಬಿಡಮ್ಮ, ಈಗೆಲ್ಲ ಫೋನಲ್ಲೇ ಬರತ್ತಂತೆ" ಎಂದು ಸೊಸೆಗೆ ಹೇಳಿದವರು ಮೇಷ್ಟ್ರೇ. ಅವಳು ಅದನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಧೂಳು ಒರೆಸಿ, ಫೋಟೋ ತೆಗೆದು, ಹಳೇ ಸಾಮಾನು ಮಾರುವ ಆ್ಯಪಿಗೆ ಹಾಕಿದಳು. ಯಾರೋ ಬಂದು ಎತ್ತಿಕೊಂಡು ಹೋದಾಗ ಮೇಷ್ಟ್ರು ಪಾರ್ಕಿನಲ್ಲಿದ್ದರು.

ಆಮೇಲೆ ಗೊತ್ತಾಯಿತು, ಕ್ಯಾಸೆಟ್ಟು ತುರುಕುವ ಬಾಯಿ ಫೋನಿಗೆ ಇಲ್ಲ. ಫೋನಿನಲ್ಲಿ ಸಿಕ್ಕಿದ ಯಾವುದೋ ಸಂಗೀತ ಹಾಕಿದರೆ ಬಯಲಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂತಾಯಿತು. ಮುಂದಿನ ಸಾಲು ಬಗ್ಗಿದಾಗ ಹಿಂದಿನ ಸಾಲು ಏಳುತ್ತಿತ್ತು.

"ಏನ್ ಮೇಷ್ಟ್ರೇ, ನಿಮ್ಮ ಫೋನು ನಿಮ್ಮೊಬ್ಬರಿಗೇ ಗುಟ್ಟು ಹೇಳ್ತಾ ಇದೆಯಾ?" ಎಂದರು ಬ್ಯಾಂಕಮ್ಮ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ನಿವೃತ್ತರಾದ ಅವರ ನಾಲಿಗೆ ಮಾತ್ರ ನಿವೃತ್ತವಾಗಿರಲಿಲ್ಲ. ಪಾರ್ಕಿನ ಆ ತುದಿಯಲ್ಲಿ ಹೊಸದಾಗಿ ನಗೆಕೂಟ ಶುರುವಾಗಿತ್ತು. ಮೊದಲು ಒಬ್ಬರು ಅತ್ತ ಜಾರಿದರು, ಆಮೇಲೆ ಇಬ್ಬರು, ಕೊನೆಗೆ ಬ್ಯಾಂಕಮ್ಮನೂ. ಅಲ್ಲಿಂದ ನಗು ಕೇಳಿಬಂದಾಗಲೆಲ್ಲ ತಮ್ಮನ್ನು ನೋಡಿಯೇ ನಗುತ್ತಿದ್ದಾರೆ ಎನ್ನಿಸಿ ಮೇಷ್ಟ್ರಿಗೆ ಮೈ ಚುರುಗುಟ್ಟುತ್ತಿತ್ತು. ಟೇಪ್‌ರೆಕಾರ್ಡರ್ ಮತ್ತೆ ಬರದಿದ್ದರೆ ಕ್ಲಾಸು ಉಳಿಯುವ ಹಾಗಿರಲಿಲ್ಲ.

ಹಾಗಾಗಿ ಅವರೇ ಆ್ಯಪಿನಲ್ಲಿ ಹುಡುಕಲು ಕೂತರು. ಒಂದು ಬೆಳಿಗ್ಗೆ ಕುರ್ಚಿಯಿಂದ ಜಿಗಿದು ಎದ್ದರು.

"ಸಿಕ್ತು ಕಣಮ್ಮಾ! ನಮ್ಮದೇ! ಹಿಡಿಗೆ ಸುತ್ತಿರೋ ಹಸಿರು ದಾರ ನೋಡು, ನನ್ನ ಸೀಟಿ ದಾರ!"

ಮಗುವಿಗೆ ತುತ್ತು ತಿನ್ನಿಸುತ್ತಿದ್ದ ಸೊಸೆ ಕತ್ತು ಚಾಚಿ ನೋಡಿದಳು. ನೋಡುತ್ತಲೇ ಇದ್ದಳು. ಮಗು ಬಾಯಿ ತೆರೆದುಕೊಂಡೇ ಕಾಯಿತು.

"ಮಾವ, ಇದು ನಮ್ಮನೆ."

"ಅದನ್ನೇ ಹೇಳ್ತಿರೋದು, ನಮ್ಮನೇದೇ."

"ಅಯ್ಯೋ, ಟೇಪ್‌ರೆಕಾರ್ಡರ್ ಮಾತಲ್ಲ. ಹಿಂದೆ ಇರೋ ಪರದೆ ನೋಡಿ. ಮುಕ್ಕಾಲಿ ನೋಡಿ. ಈ ಫೋಟೋ ನಾನೇ ತೆಗೆದಿದ್ದು, ಇಲ್ಲೇ ನಿಂತು."

ಮೇಷ್ಟ್ರು ಫೋನು ನೋಡಿದರು, ಕಿಟಕಿ ನೋಡಿದರು. ಅದೇ ನೀಲಿ ಹೂವಿನ ಪರದೆ. ಒಂದು ಕ್ಷಣ ಏನನ್ನಿಸಿತೋ, ಹೋಗಿ ಪರದೆ ಎತ್ತಿ ಹಿಂದೆ ಇಣುಕಿದರು. ಅಲ್ಲಿ ಮೊಮ್ಮಗಳು ಎಸೆದಿದ್ದ ಒಂದು ಗಿಲಕಿ ಬಿಟ್ಟರೆ ಬೇರೇನೂ ಇರಲಿಲ್ಲ.

"ನಮ್ಮ ಹತ್ರ ತಗೊಂಡವರೇ ಮಾರ್ತಿರಬೇಕು. ಹೊಸ ಫೋಟೋ ತೆಗೆಯೋಕೆ ಸೋಮಾರಿತನ," ಎಂದರು.

"ಇರಬಹುದು. ಇಲ್ಲಾಂದ್ರೆ ಯಾವನೋ ಕಳ್ಳ ನಮ್ಮ ಫೋಟೋ ಎತ್ತಿ ಹಾಕಿರಬಹುದು."

"ವಸ್ತು ಅಸಲಿ ಅಂತ ನನಗೆ ಗೊತ್ತಲ್ಲಮ್ಮ!"

"ವಸ್ತು ಅಸಲಿ ಮಾವ. ಮನುಷ್ಯ?"

ಮೇಷ್ಟ್ರು ಪೇಚಿಗೆ ಬಿದ್ದರು. ದಾರದ ಗಂಟು ಸಮೇತ ಗುರುತು ಹಿಡಿದಿದ್ದಾರೆ, ಇದರಲ್ಲಿ ಮೋಸ ಎಲ್ಲಿಂದ ಬಂತು?

ಮಾರುವವನಿಗೆ ಸಂದೇಶ ಕಳಿಸಿದ್ದೇ ತಡ, ಪಟಪಟನೆ ಉತ್ತರ ಬಂತು. 'ವರ್ಗವಾಗಿದೆ ಸರ್, ಅದಕ್ಕೇ ಅರ್ಧ ಬೆಲೆ. ಇನ್ನೂ ನಾಲ್ಕು ಜನ ಕೇಳ್ತಿದಾರೆ. ಮುಂಗಡ ಕಳಿಸಿದವರಿಗೆ ಪಾರ್ಸಲ್.' ಮಾತಾಡೋಣ ಎಂದು ಕೇಳಿದರೆ ಗಂಟಲು ಕೆಟ್ಟಿದೆಯಂತೆ. ಮನೆಗೇ ಬರುತ್ತೇನೆ ಎಂದರೆ ಮನೆ ಖಾಲಿ ಮಾಡಿಯಾಗಿದೆಯಂತೆ. ಗಂಟಲು ಕೆಟ್ಟವನ ಕಷ್ಟ ಮೇಷ್ಟ್ರಿಗೆ ಗೊತ್ತಿದ್ದದ್ದೇ. ಮುಂಗಡ ಕಳಿಸಲು ಬೆರಳು ಆಗಲೇ ಹೊರಟಿತ್ತು.

ಸೊಸೆ ಫೋನು ಕಸಿದುಕೊಂಡಳು. "ಕಣ್ಣಾರೆ ನೋಡದೆ, ಕಿವಿಯಾರೆ ಕೇಳದೆ ಒಂದು ಕಾಸೂ ಕೊಡಬೇಡಿ. ಇರಿ, ಅದರ ಮೇಲೊಂದು ಚಮಚ ಇಟ್ಟು ಹೊಸ ಫೋಟೋ ತೆಗೆದು ಕಳಿಸಲಿ. ವಸ್ತು ಕೈಯಲ್ಲಿದ್ದವನಿಗೆ ಅದೇನು ಮಹಾ?"

ತುಸು ಹೊತ್ತಿಗೆ ಫೋಟೋ ಬಂತು, ಜೊತೆಗೊಂದು ಸಾಲು: 'ಚಮಚ ಎಲ್ಲಾ ಪ್ಯಾಕ್ ಆಗಿದೆ ಸರ್.'

"ಪಾಪ, ಕಳಿಸಿದಾನಲ್ಲ" ಎಂದರು ಮೇಷ್ಟ್ರು. "ಹೊಸ ಫೋಟೋನೇ. ಕಿಟಕಿ ಈ ಕಡೆ ಬಂದಿದೆ."

"ಕಂಪನಿ ಹೆಸರು ಓದಿ ನೋಡೋಣ?"

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಅಕ್ಷರಗಳು ಹಿಂದುಮುಂದಾಗಿದ್ದವು. ಅದೇ ಹಳೆಯ ಫೋಟೋವನ್ನು ಎಡಬಲ ಮಗುಚಿ ಕಳಿಸಿದ್ದ. ಅವರು ತಮ್ಮ ಬಲಗೈ ಎತ್ತಿ ನೋಡಿಕೊಂಡರು, ಎಡಗೈ ಎತ್ತಿ ನೋಡಿಕೊಂಡರು. ಜೀವಮಾನವೆಲ್ಲ ಕನ್ನಡಿಯಾಗಿ ನಿಂತವರಿಗೆ ಮಗುಚಿದ್ದೇ ನೆಟ್ಟಗೆ ಕಂಡಿತ್ತು.

"ಹಾಗಾದ್ರೆ ನಮ್ಮದು ಎಲ್ಲಿದೆ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಅದನ್ನು ಕೊಂಡವರೊಂದಿಗೆ ಅಂದು ಆಡಿದ ಮಾತುಕತೆ ಆ್ಯಪಿನಲ್ಲಿ ಇನ್ನೂ ಇತ್ತು. ಸೊಸೆ ಅದರಲ್ಲಿದ್ದ ನಂಬರಿಗೆ, ಮಾವನಿಗೂ ಕೇಳುವಂತೆ ಫೋನು ಮಾಡಿದಳು. ಎತ್ತಿದವನು ಕ್ಷೌರದಂಗಡಿಯವನು.

"ಜಾಹೀರಾತಾ? ನಾನ್ಯಾವ ಜಾಹೀರಾತೂ ಹಾಕಿಲ್ಲಮ್ಮ. ನಿಮ್ಮ ಟೇಪ್‌ರೆಕಾರ್ಡರ್ ನನ್ನ ಅಂಗಡೀಲೇ ಕೂತಿದೆ. ಆದರೆ ಒಂದು ಕಡೆ ಸ್ಪೀಕರು ಸತ್ತುಹೋಯ್ತು ನೋಡಿ. ರಿಪೇರಿಯವನು ಕೈಯೆತ್ತಿಬಿಟ್ಟ. ಗುಜರಿಗೆ ಹಾಕೋಣ ಅಂತಿದ್ದೆ. ಯಜಮಾನರಿಗೆ ಬೇಕಾದ್ರೆ ಬಂದು ಎತ್ಕೊಂಡು ಹೋಗ್ಲಿ, ದುಡ್ಡೇನೂ ಬೇಡ."

ಸೊಸೆಯ ಮುಖ ಅರಳಿತು. ಮೇಷ್ಟ್ರದು ಅರಳಲಿಲ್ಲ. ಅವರಿಗೆ ಗೊತ್ತಿತ್ತು, ಸ್ಪೀಕರು ಸತ್ತಿಲ್ಲ. ಇಯರ್‌ಫೋನು ಚುಚ್ಚುವ ತೂತಿನಲ್ಲಿ ಧೂಳು ಕೂತರೆ ಅದಕ್ಕೆ ಹೀಗೆ ಒಂದು ಕಿವಿ ಮುಚ್ಚಿಹೋಗುತ್ತದೆ. ಇಯರ್‌ಫೋನಿನ ಪಿನ್ನನ್ನು ನಾಲ್ಕು ಸಲ ಚುಚ್ಚಿ ತೆಗೆದರೆ ಮುಗಿಯಿತು. "ಬರ್ತೀನಿ" ಎಂದಷ್ಟೇ ಹೇಳಿದರು.

ದಾರಿಯುದ್ದಕ್ಕೂ ತಲೆ ಗಿರ್ ಎನ್ನುತ್ತಿತ್ತು. ಇಲ್ಲದ್ದನ್ನು ಇದೆ ಎಂದು ಹೇಳಿದವನು ಕಳ್ಳ, ಸರಿ. ಬದುಕಿರುವುದನ್ನು ಸತ್ತಿದೆ ಎಂದು ಇನ್ನೊಬ್ಬ ಹೇಳುವಾಗ ಬಾಯಿ ಮುಚ್ಚಿಕೊಂಡು ಕೈ ಚಾಚುವವನು ಯಾರು? ತಾವೇನು ಸುಳ್ಳು ಹೇಳಿಲ್ಲವಲ್ಲ. ಏನೂ ಹೇಳಿಯೇ ಇಲ್ಲ. ಯೋಚನೆಯಲ್ಲಿ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ, ಒಂದು ಬೀದಿ ಸುತ್ತಿಕೊಂಡು ಅಂಗಡಿ ಮುಟ್ಟಿದರು.

ಒಳಗೆ ಕತ್ತರಿಯ ಸದ್ದು, ಸೋಪಿನ ವಾಸನೆ. ಗೋಡೆಯುದ್ದದ ಕನ್ನಡಿಯಲ್ಲಿ ಮೊದಲು ಕಂಡದ್ದೇ ಟೇಪ್‌ರೆಕಾರ್ಡರ್. ಕಂಪನಿಯ ಹೆಸರು ಹಿಂದುಮುಂದು, ಥೇಟ್ ಆ ಕಳ್ಳ ಕಳಿಸಿದ ಫೋಟೋ! ಅವನೇ ನಿಜ ಹೇಳಿದನೇ ಎಂದು ಒಂದು ಗಳಿಗೆ ಬೆಚ್ಚಿ, ಆಮೇಲೆ ತಿರುಗಿ ಅಸಲಿಯನ್ನು ನೋಡಿದರು. ಒಂದೇ ಸ್ಪೀಕರಿನಲ್ಲಿ ಹಾಡು ಕುಂಟುತ್ತಿತ್ತು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ನಿಮ್ಮ ತಲೆಗೆ ನನ್ನ ಕತ್ತರಿ ಬೇಕಾಗಿಲ್ಲ ಬಿಡಿ," ಎಂದ ಅಂಗಡಿಯವನು.

"ಲೋ, ಆ ಹಾಡು ಅರ್ಧ ನುಂಗ್ತಾ ಇದೆ ಕಣೋ," ಎಂದು ಮುಖಕ್ಕೆಲ್ಲ ನೊರೆ ಬಳಿಸಿಕೊಂಡವನೊಬ್ಬ ಗೊಣಗಿದ.

ಮೇಷ್ಟ್ರು ದಾರದ ಹಿಡಿಗೆ ಕೈ ಹಾಕಿದರು. ಎತ್ತಿಕೊಂಡು ನಡೆದರೆ ಆಗಿತ್ತು. ಪಕ್ಕದಲ್ಲಿ ಅಂಗಡಿಯವನ ಇಯರ್‌ಫೋನು ಬಿದ್ದಿತ್ತು. ಅದು ಅವರ ಕೈಗೆ ಯಾವಾಗ ಬಂತೋ, ಪಿನ್ನು ತೂತಿಗೆ ಯಾವಾಗ ಹೋಯಿತೋ. ಟಕ್, ಟಕ್, ಟಕ್. ಸತ್ತಿದ್ದ ಸ್ಪೀಕರು ಕೆಮ್ಮಿ ಎದ್ದು ಕೂತಿತು. ಅಂಗಡಿ ತುಂಬ ಹಾಡು.

"ಆಹಾ!" ಎಂದು ನೊರೆಯವನು ಕುರ್ಚಿಯಲ್ಲೇ ತಿರುಗಿದ. ಅಂಗಡಿಯವನು ಕತ್ತರಿ ಹಿಡಿದೇ ಕುಣಿದ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು, "ಆದರೆ... ನೀವು ತಗೊಂಡು ಹೋಗೋಕೆ ಬಂದಿದ್ರಲ್ಲ?" ಎಂದ.

"ಸರಿಹೋಯ್ತಲ್ಲಪ್ಪ, ಇಟ್ಕೋ" ಎಂದರು ಮೇಷ್ಟ್ರು. ಹೇಳಿದ್ದು ತಾವೇನಾ ಎಂದು ಕನ್ನಡಿ ನೋಡಿಕೊಂಡರು.

ಬರಿಗೈಯಲ್ಲಿ ಬಂದ ಮಾವನನ್ನು ಕಂಡು ಸೊಸೆ ಸೊಂಟದ ಮಗುವನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿದಳು. "ಎಲ್ಲಿ ಮಾವ?"

"ಅಲ್ಲೇ. ಎರಡೂ ಕಡೆ ಹಾಡ್ತಿದೆ."

"ಪುಕ್ಕಟೆ ಕೊಡ್ತೀನಿ ಅಂದಿದ್ನಲ್ಲ! ರಿಪೇರಿ ಮಾಡೋದು ಮನೆಗೆ ತಂದ ಮೇಲೆ ಮಾಡಬಹುದಿತ್ತು."

"ಕೈ ಹೋಗಿಬಿಡ್ತು ಕಣಮ್ಮ. ಯಾಕೆ ಹೋಯ್ತೋ. ನಾನು ಮಾಡಿದ್ದು ಸರಿಯೋ ಪೆದ್ದುತನವೋ, ನೀನೇ ಹೇಳು."

ಅವಳು ಮಗುವಿನ ಜೊಲ್ಲು ಒರೆಸುತ್ತಾ, "ಅವನು ಅಂಗಡಿ ಯಾವಾಗ ತೆಗೀತಾನೆ?" ಎಂದು ಕೇಳಿದಳು.

"ಬಿಸಿಲೇರಿದ ಮೇಲೆ. ಅವನ ಮನೆ ಅಂಗಡಿಯ ಮಹಡಿ ಮೇಲೇ ಇದೆ."

"ನಿಮ್ಮ ಕ್ಲಾಸು ಬಿಸಿಲೇರೋ ಹೊತ್ತಿಗೆ ಮುಗಿಯತ್ತೆ."

ಮೇಷ್ಟ್ರು ಮಿಕಮಿಕ ನೋಡಿದರು. ಅವಳು ಆಗಲೇ ಫೋನು ಕಿವಿಗಿಟ್ಟಾಗಿತ್ತು. ಆ ಕಡೆಯಿಂದ ನಗು ಕೇಳಿಸಿತು: "ಅಯ್ಯೋ ದಿನಾ ಬೆಳಿಗ್ಗೆ ಧಾರಾಳವಾಗಿ ಒಯ್ಯಲಿ, ಅಂಗಡಿ ತೆಗೆಯೋ ಹೊತ್ತಿಗೆ ತಂದಿಟ್ರೆ ಆಯ್ತು! ಸೆಲ್ಲಿನ ಖರ್ಚು ಮಾತ್ರ ಯಜಮಾನರದ್ದು."

ಮಾರನೆಯ ಬೆಳಿಗ್ಗೆ "ಒಂದು, ಎರಡು, ಬಗ್ಗಿ, ಏಳಿ" ಎಂದು ಹರೆಯದ ದನಿ ಗುಡುಗಿದಾಗ ನಗೆಕೂಟದವರು ನಗುವುದನ್ನು ನಿಲ್ಲಿಸಿ ಇತ್ತ ತಿರುಗಿದರು. ಬ್ಯಾಂಕಮ್ಮ ಚಪ್ಪಲಿ ಸರಬರ ಎಳೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಏನೂ ಆಗದವರಂತೆ ನಿಂತರು. "ಆ ಕಡೆ ನಕ್ಕೂ ನಕ್ಕೂ ದವಡೆ ನೋವು" ಎಂದರು.

ಕಳ್ಳನ ಜಾಹೀರಾತಿನ ಬಗ್ಗೆ ಸೊಸೆ ಆ್ಯಪಿನವರಿಗೆ ದೂರು ಕೊಟ್ಟಳು. ಅದು ಮಾಯವಾಯಿತು. ಕೆಲವು ದಿನಕ್ಕೆ ಬೇರೆ ಹೆಸರಿನಲ್ಲಿ ಮತ್ತೆ ಹಾಜರಾಯಿತು: ಅದೇ ದಾರ, ಅದೇ ಮುಕ್ಕಾಲಿ, ಅದೇ ನೀಲಿ ಹೂವಿನ ಪರದೆ. ಮೇಷ್ಟ್ರು ಅದನ್ನು ತುಂಬ ಹೊತ್ತು ನೋಡಿದರು.

"ಬೆಲೆ ಇನ್ನೂ ಇಳಿಸಿದಾನೆ ಕಣಮ್ಮ. ತಗೊಳ್ಳೋಣವಾ?"

ಮಾವ ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ಸೊಸೆಗೆ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ಫೋನು ಕಸಿದು ಮಗುವಿನ ಹಾಸಿಗೆಯಡಿ ಇಟ್ಟಳು.