ಹದಿನಾಲ್ಕು ಸೆಕೆಂಡಿನ ನೋಟ

ನಮ್ಮ ಬೀದಿಯ ವಾಚಣ್ಣ ಕೆಟ್ಟ ವಾಚು ಕೊಟ್ಟ ಕೂಡಲೇ ಬಿಚ್ಚುವ ಆಸಾಮಿಯಲ್ಲ. ಅದರಲ್ಲೂ ಆಗೊಮ್ಮೆ ಈಗೊಮ್ಮೆ ನಿಂತು ಮತ್ತೆ ತಾನಾಗಿ ಓಡುವ ವಾಚು ಸಿಕ್ಕರಂತೂ ಮುಗಿಯಿತು. ಎದುರಿಗಿಟ್ಟುಕೊಂಡು ಎರಡು ದಿನ ಸುಮ್ಮನೆ ನೋಡುತ್ತಾನೆ. ಯಾವಾಗ ನಿಂತಿತು, ಎಷ್ಟು ಹೊತ್ತು ನಿಂತಿತು, ಎಲ್ಲ ಚೀಟಿಯಲ್ಲಿ ಬರೆಯುತ್ತಾನೆ. ಗಿರಾಕಿ ಜಪ್ಪಯ್ಯ ಅಂದರೂ ಕೈ ಹಾಕುವುದಿಲ್ಲ. "ಮೊದಲು ಅದರ ಚಾಳಿ ಗೊತ್ತಾಗ್ಲಿ ಸ್ವಾಮಿ" ಅನ್ನುತ್ತಾನೆ.

ಇಂಥ ಜಾಣನೂ ಮಗಳ ವಿಷಯದಲ್ಲಿ ಎಡವಿದ. ಆಸೆ ಎಂಥವನನ್ನೂ ಕುರುಡು ಮಾಡುತ್ತದೆ ನೋಡಿ.

ಮಗಳಿಗೆ ಏಳು ವರ್ಷ. ಎಲ್ಲರೂ ಗುಬ್ಬಿ ಅನ್ನುತ್ತಾರೆ. ಆಟಿಸಂ ಇದೆ, ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಯಾರು ಮುಟ್ಟಿದರೂ ಕೈ ತಳ್ಳಿಬಿಡುತ್ತಾಳೆ. ತಾಯಿ ತೀರಿಕೊಂಡು ನಾಲ್ಕು ವರ್ಷ. ದಿನಾ ಶಾಲೆ ಮುಗಿದ ಮೇಲೆ ಅಂಗಡಿಯಲ್ಲಿ ಅಪ್ಪನ ಎದುರಿಗೆ ಸ್ಟೂಲಿನ ಮೇಲೆ ಕೂತು ಹಳೆಯ ವಾಚಿನ ಬೆಲ್ಟುಗಳನ್ನು ಸಾಲಾಗಿ ಜೋಡಿಸುವುದೇ ಅವಳ ಲೋಕ. ಆ ಲೋಕಕ್ಕೆ ಅಪ್ಪನಿಗೂ ಪ್ರವೇಶವಿಲ್ಲ.

ಆದರೆ ಕೆಲವು ತಿಂಗಳಿಂದ ಒಂದು ಸೋಜಿಗ ನಡೆಯುತ್ತಿತ್ತು. ಬೆಲ್ಟು ಹಿಡಿದ ಕೈ ಇದ್ದಕ್ಕಿದ್ದಂತೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಗುಬ್ಬಿಯ ಕಣ್ಣು ಮೇಲೆದ್ದು ಅಪ್ಪನ ಮುಖದ ಮೇಲೆ ನೆಡುತ್ತಿತ್ತು. ವಾಚಣ್ಣ ಚಿಮುಟ ಕೆಳಗಿಟ್ಟು, ಉಸಿರು ಬಿಗಿಹಿಡಿದು, ತಾನೂ ಅವಳನ್ನೇ ನೋಡುತ್ತಿದ್ದ. ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ, ಎಲ್ಲಿ ಕಣ್ಣು ತಿರುಗಿಸಿಬಿಡುತ್ತಾಳೋ ಎಂಬ ಭಯ. ಗೋಡೆ ತುಂಬ ಗಡಿಯಾರಗಳಿದ್ದರೂ ಎಷ್ಟು ಹೊತ್ತಾಯಿತೆಂದು ಒಮ್ಮೆಯೂ ನೋಡಲಿಲ್ಲ. ಏಳು ವರ್ಷಕ್ಕಾದರೂ ಮಗಳು ಅಪ್ಪನನ್ನು ಗುರುತಿಸಿದಳಲ್ಲ! ಆ ನೋಟವನ್ನೇ ಮೆಲುಕು ಹಾಕುತ್ತ ಒಬ್ಬನೇ ಅಡುಗೆ ಮಾಡುತ್ತಿದ್ದ, ಒಬ್ಬನೇ ಬಟ್ಟೆ ಒಗೆಯುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಅವನ ಸಂತೋಷಕ್ಕೆ ಕಲ್ಲು ಹಾಕಿದವರು ಶಾಲೆಯ ಟೀಚರಮ್ಮ. "ಇವಳು ಆಗಾಗ ಕಿಟಕಿ ಕಡೆ ನೋಡ್ತಾ ಹಾಗೇ ನಿಂತುಬಿಡ್ತಾಳೆ. ಒಮ್ಮೆ ಡಾಕ್ಟರಿಗೆ ತೋರಿಸಿ."

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಇಂಥ ಮಕ್ಕಳು ತಮ್ಮ ಪಾಡಿಗೆ ತಾವು ದಿಟ್ಟಿಸೋದು ಉಂಟು. ಕೆಲವು ಸಲ ಅದು ಫಿಟ್ಸೂ ಆಗಿರಬಹುದು. ಎಲ್ಲ ಫಿಟ್ಸಲ್ಲೂ ಕೈಕಾಲು ಅದುರಲ್ಲ. ಆ ಹೊತ್ತಲ್ಲಿ ಕರೆದರೆ, ಮುಟ್ಟಿದರೆ ಏನು ಮಾಡ್ತಾಳೆ?"

"ಕರೆದೇ ಇಲ್ಲ ಡಾಕ್ಟ್ರೇ."

"ಎಷ್ಟು ಹೊತ್ತು ಇರುತ್ತೆ?"

ಊರಿಗೆಲ್ಲ ಸಮಯ ಸರಿಮಾಡಿಕೊಡುವ ಮನುಷ್ಯ ಅದನ್ನೂ ಅಳೆದಿರಲಿಲ್ಲ.

ಮರುದಿನ ಮಧ್ಯಾಹ್ನ ಬೆಲ್ಟು ಹಿಡಿದ ಕೈ ನಿಂತಿತು. ಕಣ್ಣು ಅಪ್ಪನ ಮುಖಕ್ಕೆ ಬಂತು. ಸ್ಟಾಪ್‌ವಾಚಿನ ಗುಂಡಿ ಒತ್ತಲು ವಾಚಣ್ಣನಿಗೆ ಮನಸ್ಸೇ ಬರಲಿಲ್ಲ. ಆದರೂ ಒತ್ತಿದ.

"ಗುಬ್ಬೀ..." ಉತ್ತರವಿಲ್ಲ. "ಗುಬ್ಬಿ, ಅಪ್ಪ ಕಣೇ." ಊಹೂಂ. ಭುಜ ಮುಟ್ಟಿದ. ಯಾರು ಮುಟ್ಟಿದರೂ ತಳ್ಳುವ ಹುಡುಗಿ ಅಲುಗಲಿಲ್ಲ. ತನ್ನ ಮುಖವನ್ನು ಪಕ್ಕಕ್ಕೆ ಸರಿಸಿದ. ಅವಳ ಕಣ್ಣು ಸರಿಯಲಿಲ್ಲ. ಅವನ ಮುಖ ಇದ್ದ ಜಾಗದಲ್ಲೇ ಉಳಿಯಿತು. ಹದಿನಾಲ್ಕು ಸೆಕೆಂಡು. ಆಮೇಲೆ ಏನೂ ಆಗದವಳಂತೆ ಬೆಲ್ಟನ್ನು ಸಾಲಿಗಿಟ್ಟಳು.

ಚೀಟಿಯಲ್ಲಿ ಹದಿನಾಲ್ಕು ಎಂದು ಬರೆದ. ಇಷ್ಟು ತಿಂಗಳು ಮಗಳು ಎಲ್ಲೋ ಕಳೆದುಹೋಗಿದ್ದಾಗ ತಾನು ಎದುರಿಗೇ ಹಿಗ್ಗುತ್ತ ಕೂತಿದ್ದನಲ್ಲ! ಶಟರನ್ನು ಅರ್ಧ ಎಳೆದು ಅತ್ತ.

ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಫಿಟ್ಸೇ. ಮೊದಲ ದಿನ ಔಷಧಿಯ ಚಮಚ ಹಿಡಿದ ಕೈ ಅರ್ಧಕ್ಕೇ ನಿಂತಿತು. ಇದನ್ನು ಕುಡಿಸಿದರೆ ಆ ನೋಟವೂ ಹೋಗುತ್ತದೆ. ಸುಳ್ಳು ನೋಟವೇ ಇರಲಿ, ಅವನ ಪಾಲಿಗೆ ಇದ್ದದ್ದು ಅದೊಂದೇ. ಕುಡಿಸಿದ. ದಿನಕ್ಕೆ ಮೂರು ಸಲ ಬರುತ್ತಿದ್ದದ್ದು ಒಂದಕ್ಕಿಳಿಯಿತು. ಎರಡು ತಿಂಗಳಲ್ಲಿ ಚೀಟಿಯ ತುಂಬ ಸೊನ್ನೆ. ಡಾಕ್ಟರಮ್ಮ ಭೇಷ್ ಅಂದರು. ಅಂಗಡಿ ಮಾತ್ರ ಬಿಕೋ ಎನ್ನತೊಡಗಿತು.

ಒಂದು ಸಂಜೆ ಗುಬ್ಬಿಯ ಕೈ ಮತ್ತೆ ಗಾಳಿಯಲ್ಲೇ ನಿಂತಿತು. ವಾಚಣ್ಣ ಸ್ಟಾಪ್‌ವಾಚು ಕೈಗೆತ್ತಿಕೊಂಡ. ಗುಂಡಿ ಒತ್ತಿ, ಭುಜ ಮುಟ್ಟಿದ. ಅವಳು ಫಟ್ಟನೆ ಅವನ ಕೈ ತಳ್ಳಿ, ತನಗೆ ಬೇಕಾದ ಕೆಂಪು ಬೆಲ್ಟನ್ನು ರಾಶಿಯಿಂದ ಎಳೆದುಕೊಂಡಳು. ಮುಖ ನೋಡಲಿಲ್ಲ.

"ಇಲ್ಲೇ ಇದ್ದೀಯ ಕಣೇ" ಅಂದ ಅಪ್ಪ. ಚೀಟಿಯಲ್ಲಿ ಸೊನ್ನೆ ಬರೆದು, ಇನ್ನೊಮ್ಮೆ ಭುಜ ಮುಟ್ಟಿದ. ಇನ್ನೊಮ್ಮೆ ತಳ್ಳಿಸಿಕೊಂಡ.