ಮಂಚದ ಕೆಳಗಿನ ಬೋಗುಣಿ

ಮೊನ್ನೆ ಕೊರಟಗೆರೆ ಸಂತೆಯಲ್ಲಿ ನೀಲಿ ಅಂಚಿನ ಬಿಳಿ ಎನಾಮಲ್ ಬೋಗುಣಿಯೊಂದನ್ನು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಎಡತೊಡೆ ಚುರ್ ಎಂದಿತು...

ಹನ್ನೆರಡು ವರ್ಷಗಳ ಹಿಂದೆ, ಮಧುಗಿರಿಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ನನ್ನ ಹೆರಿಗೆ ಮಾಡಿಸಿದ ದೊಡ್ಡ ಸಿಸ್ಟರ್ ಆ ತೊಡೆಗೆ ಹೊಡೆದಿದ್ದಳು. ಬೆರಳ ಗೆಣ್ಣುಗಳಲ್ಲಿ ಟಿಂಚರ್ ಕಲೆ, ಜಡೆಯ ತುದಿಗೆ ಔಷಧಿ ಕಟ್ಟಿನ ರಬ್ಬರ್ ಬ್ಯಾಂಡ್. ಮಗು ಹೊರಬರಲು ಮುಕ್ಕು, ಮುಕ್ಕು ಎಂದು ಅವಳು ಹೇಳುತ್ತಿದ್ದರೆ, ನೋವಿನಲ್ಲಿ ನಾನು ಕಾನ್ವೆಂಟ್ ಶಾಲೆಯ ಅಭ್ಯಾಸದಂತೆ ಮದರ್ ಮೇರಿ ಎಂದು ಕೂಗಿದ್ದೆ.

"ಏ ಕಾನ್ವೆಂಟಮ್ಮ, ಮೇರಿ ಬಂದು ಮುಕ್ತಾಳಾ? ನೀನೇ ಮುಕ್ಬೇಕು ಕಣಮ್ಮ."

ಆಮೇಲೆ ಆ ಏಟು.

ಮಗು ಹುಟ್ಟಿದ ಮೇಲೆ, ರಕ್ತದಲ್ಲಿ ತೊಯ್ದ ಬಟ್ಟೆಗಳನ್ನು ಆಯಾ ಎಸೆಯಹೋದರೆ ಸಿಸ್ಟರ್ ಬಿಡಲಿಲ್ಲ. ಎಲ್ಲವನ್ನೂ ಇಂಥದ್ದೇ ನೀಲಿ ಅಂಚಿನ ಬೋಗುಣಿಗೆ ಹಾಕಿಸಿ ಮಂಚದ ಕೆಳಗೆ ತಳ್ಳಿದಳು. ಎಂಥ ಕೊಳಕು ಹೆಂಗಸು ಎಂದುಕೊಂಡೆ. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಬಿಪಿ ಮಿಷನ್ ನೋಡಿ, ಸರಿಯಿದೆ, ವಾರ್ಡಿಗೆ ಕಳಿಸಿ ಎಂದರು. ಸಿಸ್ಟರ್ ಕದಲಲಿಲ್ಲ. ಇಲ್ಲಿ ಡಾಕ್ಟರ್ ಯಾರು ಎಂದು ಅವರು ಗದರಿದರು. ಇವಳು ಕಾಲಿನಿಂದಲೇ ಬೋಗುಣಿಯನ್ನು ಹೊರಗೆಳೆದಳು. ಅದು ರಕ್ತದ ಬಟ್ಟೆಗಳಿಂದ ತುಂಬಿತ್ತು.

"ನೀವೇ ಡಾಕ್ಟ್ರು. ಮಿಷನ್ನು ಆಮೇಲೆ ನೋಡೀರಂತೆ, ಮೊದ್ಲು ಇದ್ನ ನೋಡಿ."

ಡಾಕ್ಟರಮ್ಮನ ಮುಖ ಬಿಳಿಚಿತು. ಅಷ್ಟರಲ್ಲಿ ಸಿಸ್ಟರಿನ ಅಂಗೈ ನನ್ನ ಹೊಟ್ಟೆಯನ್ನು ಒತ್ತಿ ತಿಕ್ಕುತ್ತಿತ್ತು. ಹತ್ತು ನಿಮಿಷ ಅವಳು ಹೇಳಿದಳು, ಡಾಕ್ಟರಮ್ಮ ಮಾಡಿದರು: ಇಂಜೆಕ್ಷನ್, ಡ್ರಿಪ್, ಮತ್ತೆ ಇಂಜೆಕ್ಷನ್. ರಕ್ತ ನಿಂತ ಮೇಲೆ ಸಿಸ್ಟರ್ ಪಕ್ಕಕ್ಕೆ ಸರಿದು, ಇನ್ನೇನು ಮಾಡಲಿ ಮೇಡಂ ಎಂದು ಕೇಳಿದಳು, ಏನೂ ಆಗಿಲ್ಲವೆಂಬಂತೆ.

ಏಟಿನ ಬಗ್ಗೆ ನಮ್ಮತ್ತೆ ದೂರು ಕೊಟ್ಟರು. ಮೂರನೆಯ ದಿನ ಡಾಕ್ಟರಮ್ಮ ಬಂದು, ಹೊಡೆದದ್ದು ನಿಜವೇ ಎಂದು ತುಂಬ ಮೆತ್ತಗೆ ಕೇಳಿದರು. ಹೌದೆಂದೆ. ನೀಲಿಗಟ್ಟಿದ ಗುರುತನ್ನು ತೋರಿಸಿದೆ. ಬೋಗುಣಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವತ್ತೇ ಸಂಜೆ ಅವಳನ್ನು ಕೆಲಸದಿಂದ ತೆಗೆದರು. ಟಿಫಿನ್ ಡಬ್ಬಿ, ಹವಾಯಿ ಚಪ್ಪಲಿ ಕೈಚೀಲಕ್ಕೆ ತುರುಕಿಕೊಂಡು ಬಾಗಿಲಲ್ಲಿ ನಿಂತಳು.

"ಇನ್ನೂ ರಕ್ತ ಹೋದ್ರೆ ಬಟ್ಟೆ ಎಸೀಬೇಡ, ತೋರ್ಸು. ಬಾಯಲ್ಲಿ ಹೇಳುದ್ರೆ ಇವ್ರು ಕೇಳಲ್ಲ."

ನಾನು ಮಗುವಿನ ಕಡೆ ತಿರುಗಿಕೊಂಡೆ.

ಹೋದ ವರ್ಷ ಆ ಸಿಸ್ಟರ್ ಮಿಡಿಗೇಶಿಯ ತನ್ನ ಅಣ್ಣನ ಮನೆಯಲ್ಲಿ ತೀರಿಕೊಂಡಳಂತೆ. ಆ ಏಟನ್ನು ನಾನಿನ್ನೂ ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ. ಆದರೆ ಅವತ್ತು ತೊಡೆಯನ್ನಷ್ಟೇ ತೋರಿಸಿದೆ... ಬೋಗುಣಿಯನ್ನೂ ತೋರಿಸಬೇಕಿತ್ತು. ಸಂತೆಯಲ್ಲಿ ಮಗಳು, ತಗೋಳಮ್ಮ, ಚೆನ್ನಾಗಿದೆ ಎಂದಳು. ಬೇಡ ಎಂದು ಅವಳ ಕೈ ಹಿಡಿದು ಬಸ್ಸಿನತ್ತ ನಡೆದೆ.