ಹುಲ್ಲಿಗೆ ಉಸಿರು ಕೊಟ್ಟ ಮೋಹನದಾಸ್

ಆಗಷ್ಟೇ ಬೆಳಕು ಹರಿಯುತ್ತಿದೆ. ಮಂಗಳೂರಿನ ಬೋಳಾರದ ಓಣಿಯೊಂದರ ಕೊನೆಯ ಮನೆಯ ಹಿತ್ತಿಲಲ್ಲಿ ಮೋಹನದಾಸ್ ಲುಂಗಿ ಎತ್ತಿ ಕಟ್ಟಿ, ಎದೆಯೆತ್ತರದ ರಾಶಿಯೊಂದನ್ನು ಮಗುಚುತ್ತಿದ್ದಾರೆ. ಒಳಗಿನ ಪದರ ತೆರೆದುಕೊಂಡ ಕೂಡಲೇ ಬಿಳಿ ಹಬೆ ಏಳುತ್ತದೆ. ಅವರು ಕೈ ತೂರಿಸಿ ನೋಡುತ್ತಾರೆ. "ಬಿಸಿ ಉಂಟು. ಅಂದ್ರೆ ಒಳಗೆ ಕೆಲಸ ನಡೀತಾ ಉಂಟು."

ಐವತ್ತು ದಾಟಿದ ಮೋಹನದಾಸರ ದುಡಿಮೆ ಹುಲ್ಲು ಕತ್ತರಿಸುವುದು. ಹೆಗಲಿಗೆ ಮೆಷಿನ್ ಕಟ್ಟಿಕೊಂಡು ದೇರೆಬೈಲಿನ ಮನೆಗಳ ಅಂಗಳ ಸವರುತ್ತಾರೆ; ದಿನಕ್ಕೆ ಮೂರು ಮನೆ, ಮಳೆ ಬಿಟ್ಟ ಮೇಲೆ ನಾಲ್ಕೈದು. ಮೊದಲು ದೋಹಾದಲ್ಲೂ ಇದೇ ಕೆಲಸ. ಅಲ್ಲಿ ಹುಲ್ಲನ್ನು ಚೀಲಕ್ಕೆ ತುಂಬಿ ಲಾರಿಗೆ ಹಾಕಿದರೆ ಮುಗಿಯಿತು. ಇಲ್ಲಿ ಮನೆಯವರು "ಕಸ ನೀವೇ ಕೊಂಡುಹೋಗಿ" ಅನ್ನುತ್ತಾರೆ. ರಸ್ತೆಬದಿಗೆ ಸುರಿಯಲು ಇವರಿಗೆ ಮನಸ್ಸಾಗಲಿಲ್ಲ. ತಂದೆ ಗದ್ದೆಗೆ ಸೊಪ್ಪು, ಸೆಗಣಿ ಹಾಕಿ ಬೇಸಾಯ ಮಾಡಿದವರು. ಹುಲ್ಲೂ ಗೊಬ್ಬರವಾದೀತು ಎಂದು ಗೂಡ್ಸ್ ರಿಕ್ಷಾದಲ್ಲಿ ತಂದು ಹಿತ್ತಿಲಲ್ಲಿ ಒಟ್ಟಿದರು.

ಅದು ಕೊಳೆಯಿತು. ನಾರಿತು. ಅದೂ ಪಕ್ಕದ ಮನೆಯ ಅಮ್ಮಣಿಯ ಮೊಮ್ಮಗಳ ನಿಶ್ಚಿತಾರ್ಥದ ದಿನವೇ. ಉಳ್ಳಾಲದಿಂದ ಬಂದ ಗಂಡಿನ ಕಡೆಯವರು ಎಲೆಯ ಮುಂದೆ ಕೂತು ಮೂಗಿಗೆ ಕರವಸ್ತ್ರ ಹಿಡಿದರು. ಅಮ್ಮಣಿ ಗೋಡೆಯ ಬಳಿ ಬಂದರು. "ಮೋಹನಾ, ನಿನ್ನ ಹಿತ್ತಿಲಲ್ಲಿ ಎಂತ ಸತ್ತಿದೆ ಮಾರಾಯ? ಮನೆ ತುಂಬ ಜನ ಉಂಟು ನನಗೆ."

ಊಟಕ್ಕೆ ಕರೆದಿದ್ದ ಮನೆಗೆ ಹೋಗುವುದು ಬಿಟ್ಟು, ಮೋಹನದಾಸರೂ ಹೆಂಡತಿ ವಾರಿಜಾರೂ ಸಂಜೆಯವರೆಗೆ ಆ ಲೋಳೆಯನ್ನು ಬಾಚಿ ಹೊರಗೆ ಸಾಗಿಸಿದರು. ಮದುವೆ ನಿಂತುಹೋಗಲಿಲ್ಲ, ಪುಣ್ಯ. ಆದರೆ ಅಮ್ಮಣಿ ಮಾತು ಬಿಟ್ಟರು.

ಬಾಚುವಾಗಲೇ ಮೋಹನದಾಸರ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಹಲಸಿನ ಮರದ ಕೆಳಗಿನ ಮೂಲೆಯಲ್ಲಿ, ಒಣ ಎಲೆ ಉದುರಿ ಬೆರೆತಿದ್ದ ಕಡೆ ಮಾತ್ರ ಹುಲ್ಲು ನಾರಿರಲಿಲ್ಲ. ಕೈಗೆ ಪುಡಿಯಾಗಿ ಬಂತು. "ಹಸಿ ಹುಲ್ಲನ್ನೇ ಒಟ್ಟಿ ಹಾಕಿದ್ರೆ ಅದು ಚಾಪೆಯ ಹಾಗೆ ಅಂಟಿಕೊಳ್ತದೆ. ಉಸಿರು ಕಟ್ತದೆ. ನಡುವೆ ತರಗೆಲೆ ಬೇಕು."

ಇನ್ನು ಇದೆಲ್ಲ ಬೇಡ ಎಂದು ವಾರಿಜಾ ಹೇಳಿದರೂ ಮತ್ತೆ ಶುರುಮಾಡಿದರು. ಈ ಸಲ ಸಣ್ಣ ರಾಶಿ. ನಾಲ್ಕು ಕಂಬ ನೆಟ್ಟು ಸುತ್ತ ಹಳೆಯ ಮೀನಿನ ಬಲೆ ಬಿಗಿದರು. ಗಾಳಿಯಾಡಲು ಅದೇ ಸಾಕು. ಹುಲ್ಲನ್ನು ಒಂದು ದಿನ ಬಿಸಿಲಿಗೆ ಬಾಡಿಸುತ್ತಾರೆ. ಒಂದು ಬುಟ್ಟಿ ಹುಲ್ಲಿಗೆ ಎರಡು ಮೂರು ಬುಟ್ಟಿ ತರಗೆಲೆ, ಮೇಲೊಂದು ಹಿಡಿ ಹಳೆಯ ಗೊಬ್ಬರ. ದಪ್ಪ ಎಲೆಗಳ ಮೇಲೆ ಮೆಷಿನ್ ಓಡಿಸಿ ಚೂರು ಮಾಡುತ್ತಾರೆ. ವಾರಕ್ಕೊಮ್ಮೆ ಮಗುಚಬೇಕು. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ಮಂಗಳೂರಿನ ಮಳೆಗೆ ಟಾರ್ಪಾಲು ಬೇಕೇ ಬೇಕು. ಮೂರು ತಿಂಗಳಿಗೆ ಕಪ್ಪು ಗೊಬ್ಬರ ಸಿದ್ಧ.

ಒಂದು ಬೆಳಿಗ್ಗೆ ಅವರು ಅದನ್ನು ಜರಡಿ ಹಿಡಿಯುತ್ತಿದ್ದಾಗ ಗೋಡೆಯ ಆಚೆಯಿಂದ ದನಿ ಬಂತು. "ನನ್ನ ಬಸಳೆ ಬಾಡಿದೆ. ಒಂದು ಬುಟ್ಟಿ ಕೊಡ್ತೀಯಾ?"

"ಮೊದಲು ಮೂಸಿ ನೋಡಿ ಅಕ್ಕಾ," ಎಂದು ಇವರು ಹಿಡಿಯಷ್ಟು ಚಾಚಿದರು. ಅಮ್ಮಣಿ ಮೂಸಿದರು. ಬುಟ್ಟಿ ಮುಂದಿಟ್ಟರು.

ಈಗ ಅವರ ಬಸಳೆ ಬಳ್ಳಿ ಗೋಡೆ ದಾಟಿ ಈಚೆ ಇಳಿದಿದೆ. "ಅವತ್ತು ತುಂಬಾ ಬೈದೆ," ಅನ್ನುತ್ತಾರೆ ಅಮ್ಮಣಿ. "ಬೈಯುವಂಥದ್ದೇ ಆಗಿತ್ತು ಅದು. ಆದ್ರೆ ಇವ ಬಿಡ್ಲಿಲ್ಲ ನೋಡಿ."

ದೇರೆಬೈಲಿನ ಕೆಲವು ಮನೆಗಳಲ್ಲೂ ಮೋಹನದಾಸ್ ಹೀಗೇ ಬಲೆ ಕಟ್ಟಿಕೊಟ್ಟಿದ್ದಾರೆ. ಎಲೆಗೆ ಬೆಂಕಿ ಕೊಡುತ್ತಿದ್ದವರು ಈಗ ಗೋಣಿಯಲ್ಲಿ ತುಂಬಿಸಿಡುತ್ತಾರೆ. ಎಲ್ಲರೂ ತಮ್ಮ ಮನೆಯಲ್ಲೇ ಗೊಬ್ಬರ ಮಾಡಿಕೊಂಡರೆ ನಿಮಗೆ ಹುಲ್ಲು ಎಲ್ಲಿಂದ ಎಂದು ಕೇಳಿದರೆ ನಗುತ್ತಾರೆ.

"ಸಿಗದಿದ್ರೆ ಒಳ್ಳೆಯದೇ ಅಲ್ವಾ? ಹಿತ್ತಿಲು ಖಾಲಿ ಆಗ್ತದೆ. ವಾರಿಜಳಿಗೆ ಬಟ್ಟೆ ಒಣಗಿಸ್ಲಿಕ್ಕೆ ಜಾಗ ಆಗ್ತದೆ."